ಮೀನಿನ ಮನೆಗೆ ಯಾವ ಗಿಡ?

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಆಡಿದ ಮಾತಿನ ಬರಹರೂಪ)

ಕಂಪ್ಯೂಟರ್ ಬಗ್ಗೆ ಮಾತಾಡು ಎಂದಿದ್ದರು. ಅದು ದಿನಾ ಇದ್ದದ್ದೇ, ಇವತ್ತು ಮೀನಿನ ಬಗ್ಗೆ ಹೇಳುತ್ತೇನೆ ಎಂದೆ. ಗಸಿ ಮಾಡುವ ಮೀನಲ್ಲ, ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನು!

ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಮರೀನ್ ಡ್ರೈವ್‌ನ ತಾರಾಪೋರ್‌ವಾಲಾ ಅಕ್ವೇರಿಯಂಗೆ ಕರೆದುಕೊಂಡು ಹೋಗಿದ್ದರು. 1951ರಲ್ಲಿ ಶುರುವಾದ ಅದನ್ನು ನಿಮ್ಮಲ್ಲೂ ಹಲವರು ನೋಡಿರುತ್ತೀರಿ. ಅಂದಿನ ಆಸೆ ಮಗನ ಹುಟ್ಟುಹಬ್ಬದ ನೆಪದಲ್ಲಿ ಈಡೇರಿತು. ಕುರ್ಲಾಕ್ಕೆ ಹೋಗಿ ಮೂರಡಿಯ ತೊಟ್ಟಿ, ಆರು ಹಳದಿ ಸಿಕ್ಲಿಡ್ ಮೀನು, ಒಂದಿಷ್ಟು ಹಸಿರು ಗಿಡ ತಂದೆವು. "ಎಲ್ಲಾ ಒಟ್ಟಿಗೇ ಹಾಕಿ" ಎಂದ ಅಂಗಡಿಯವ.

ಮೂರೇ ದಿನ. ಮೀನುಗಳು ಮರಳು ತೋಡಿ ಗಿಡಗಳನ್ನೆಲ್ಲ ಬುಡಸಮೇತ ಕಿತ್ತವು. ತೇಲುವ ಗಿಡವನ್ನು ಭಾನುವಾರ ತೆಗೆದರಾಯಿತು ಎಂದು ಬಿಟ್ಟೆ. ಎಲೆ ಕೊಳೆತು ನೀರಿನಲ್ಲಿ ಅಮೋನಿಯಾ ಏರಿತು. ಹೊಸ ತೊಟ್ಟಿಯಲ್ಲಿ ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರುವುದಿಲ್ಲ. ಶನಿವಾರ ಬೆಳಿಗ್ಗೆ ಎರಡು ಮೀನು ಸತ್ತಿದ್ದವು. ಮಗ ತಿಂಡಿ ಮುಟ್ಟಲಿಲ್ಲ. ಎಂ.ಟೆಕ್. ಓದಿದ ಅಮ್ಮನಿಗೆ ಇಷ್ಟೂ ಗೊತ್ತಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಈ ಮೀನಿನ ತವರು ಆಫ್ರಿಕಾದ ಮಲಾವಿ ಸರೋವರ. ಅಲ್ಲಿ ಇವು ಇರುವ ಕಡೆ ಬಂಡೆಯೇ ಹೆಚ್ಚು, ಗಿಡ ಕಡಿಮೆ. ನೀರು ಗಡಸು, ಪಿಎಚ್ ಸುಮಾರು 8. ನಮ್ಮ ಮುಲುಂಡ್‌ನ ನಳದಲ್ಲಿ ಬರುವುದು ಮಳೆನೀರು ತುಂಬಿದ ಕೆರೆಗಳ ಮೃದು ನೀರು. ತೋಡುವುದು ಸಿಕ್ಲಿಡ್‌ಗಳ ಸ್ವಭಾವ. ಕೆಲವು ಎಲೆಯನ್ನೂ ಮೆಲ್ಲುತ್ತವೆ. ತಪ್ಪು ಮೀನಿನದ್ದಲ್ಲ.

ಹಾಗಾದರೆ ಪ್ಲಾಸ್ಟಿಕ್ ಗಿಡವೇ ಒಳ್ಳೆಯದೇ? ಅದು ಕೊಳೆಯುವುದಿಲ್ಲ, ಬೆಳಕು ಗೊಬ್ಬರ ಬೇಡ. ಆದರೆ ಕೊಳ್ಳುವಾಗ ಹಳೆಯ ದುಪಟ್ಟಾವನ್ನು ಎಲೆಯ ಮೇಲೆ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ಮೀನಿನ ರೆಕ್ಕೆಯೂ ಹರಿಯುತ್ತದೆ. ಕೆಲವು ದಿನ ಬಕೆಟ್ ನೀರಿನಲ್ಲಿ ನೆನೆಸಿಡಿ. ಬಣ್ಣ ಬಿಟ್ಟರೆ ಬೇಡ. ಬಟ್ಟೆಯ ಎಲೆ ಇನ್ನೂ ಮೆತ್ತಗಿರುತ್ತದೆ. ಒಂದು ಮಾತು ನೆನಪಿಡಿ: ಜೀವಂತ ಗಿಡ ನೀರಿನ ನೈಟ್ರೇಟ್ ಹೀರುತ್ತದೆ, ಪ್ಲಾಸ್ಟಿಕ್ ಹೀರುವುದಿಲ್ಲ.

ಹಸಿರೇ ಬೇಕೆನ್ನುವವರಿಗೆ ಅನುಬಿಯಾಸ್ ಮತ್ತು ಜಾವಾ ಫರ್ನ್ ಇವೆ. ಎಲೆ ದಪ್ಪ, ರುಚಿ ಇಲ್ಲ, ಮಂದ ಬೆಳಕು ಸಾಕು. ಇವನ್ನು ಮರಳಿನಲ್ಲಿ ಹೂಳಬಾರದು, ಹೂಳಿದರೆ ಗಡ್ಡೆ ಕೊಳೆಯುತ್ತದೆ. ನೂಲಿನಿಂದ ಕಲ್ಲಿಗೆ ಕಟ್ಟಿದರೆ ಮೆಲ್ಲಗೆ ಬೇರು ಹಿಡಿಯುತ್ತವೆ, ಮೀನಿಗೆ ಕೀಳಲು ಆಗುವುದಿಲ್ಲ.

ಆದರೆ ನಿಜವಾದ ಪ್ರಶ್ನೆ ಗಿಡದ್ದಲ್ಲ, ನೋಡಿಕೊಳ್ಳುವವರು ಯಾರು ಎಂಬುದು. ನಮ್ಮ ಮನೆಯಲ್ಲಿ ಮೀನು ಮಗನದ್ದು, ಶೋಕಿ ಯಜಮಾನರದ್ದು, ಬಕೆಟ್ ಮಾತ್ರ ನನ್ನದು! ಬೆಳಿಗ್ಗೆ ಲೋಕಲ್ ಹಿಡಿದರೆ ರಾತ್ರಿ ಎಂಟಕ್ಕೆ ಮನೆ. "ಬಕೆಟ್ ಹಂಚಿಕೊಳ್ಳದಿದ್ದರೆ ತೊಟ್ಟಿ ಬೇಡ" ಎಂದುಬಿಟ್ಟೆ. ಮೊದಲು ಎದ್ದು ನಿಂತವರು ಅತ್ತೆ. "ಊಟ ನಾನು ಹಾಕುತ್ತೇನೆ, ಚಿಟಿಕೆಯಷ್ಟೇ" ಎಂದರು. ಈಗ ಭಾನುವಾರ ಅಪ್ಪ ಮಗ ಸೇರಿ ಕಾಲು ಭಾಗ ನೀರು ಬದಲಿಸುತ್ತಾರೆ. ಕ್ಲೋರಿನ್ ತೆಗೆಯುವ ಹನಿ ಹಾಕುವುದು ಮಗನ ಕೆಲಸ. ತೊಟ್ಟಿಯಲ್ಲಿ ಕಲ್ಲುಗಳು, ಕಲ್ಲಿಗೆ ಕಟ್ಟಿದ ಎರಡು ಅನುಬಿಯಾಸ್, ಹಿಂದುಗಡೆ ಬಟ್ಟೆಯ ಗಿಡ. ಉಳಿದ ನಾಲ್ಕೂ ಮೀನು ಚೆನ್ನಾಗಿವೆ.

ಇನ್ನೊಂದು ವಿಷಯ. ನಮ್ಮ ದೇಶಕ್ಕೂ ಸ್ವಂತ ಸಿಕ್ಲಿಡ್‌ಗಳಿವೆ, ಮೂರೇ ಮೂರು. ಕೇರಳದ ಕರಿಮೀನು ಒಂದು. ಇನ್ನೊಂದು, ಎಟ್ರೋಪ್ಲಸ್ ಕೆನರೆನ್ಸಿಸ್, ನಮ್ಮ ದಕ್ಷಿಣ ಕನ್ನಡದ ನದಿಗಳಲ್ಲಿ ಇರುವುದು. ಹೆಸರಿನಲ್ಲೇ ಕೆನರಾ ಇದೆ. ಅಳಿವಿನಂಚಿನ ಪಟ್ಟಿಗೆ ಸೇರಿರುವ ಅದನ್ನು ಯಾರಾದರೂ ಮಾರಲು ತಂದರೆ ಕೊಳ್ಳಬೇಡಿ. ಊರಿಗೆ ಹೋದಾಗ ನದಿಯಲ್ಲೇ ಇರಲಿ. ಹಾಗೆಯೇ ಬೇಡವಾದ ಮೀನು, ಗಿಡಗಳನ್ನು ಪೊವಾಯಿ ಕೆರೆಗೋ ನಾಲೆಗೋ ಬಿಡಬೇಡಿ.

ಮೊದಲು ಮೀನು ಯಾವುದೆಂದು ತಿಳಿಯಿರಿ, ಬಕೆಟ್ ಯಾರದ್ದೆಂದು ತೀರ್ಮಾನಿಸಿ, ಗಿಡ ಆಮೇಲೆ.