ಗಾಳಿಯಂತ್ರದ ಜನರೇಟರ್, ಹಾರ್ಮೋನಿಕ್‌ಗಳು ಮತ್ತು ನಿಯಂತ್ರಕದ ಹೊಣೆ

ವಿದ್ಯುತ್ ಜಾಲದ ವೋಲ್ಟೇಜ್ ಸೆಕೆಂಡಿಗೆ 50 ಬಾರಿ ಏರಿಳಿಯುವ ಶುದ್ಧ ಸೈನ್ ಅಲೆಯಾಗಿರಬೇಕೆಂಬುದು ಅಪೇಕ್ಷೆ. ಆ ಅಲೆಯೊಡನೆ ಅದರ ಐದು ಪಟ್ಟು, ಏಳು ಪಟ್ಟು, ಅಂದರೆ 250 ಮತ್ತು 350 ಹರ್ಟ್ಸ್‌ನ ಕಿರು ಅಲೆಗಳು ಬೆರೆತಾಗ ಅವನ್ನು ಹಾರ್ಮೋನಿಕ್‌ಗಳೆನ್ನುತ್ತಾರೆ. ಇವು ಟ್ರಾನ್ಸ್‌ಫಾರ್ಮರನ್ನು ಕಾಯಿಸುತ್ತವೆ, ಕೆಪಾಸಿಟರ್‌ಗಳ ಆಯುಸ್ಸನ್ನು ತಗ್ಗಿಸುತ್ತವೆ. ಭಾರತದ ಕೇಂದ್ರ ವಿದ್ಯುತ್ ಪ್ರಾಧಿಕಾರದ 2007ರ ನಿಯಮಗಳು ಜಾಲಕ್ಕೆ ಸೇರುವ ಬಿಂದುವಿನಲ್ಲಿ ವೋಲ್ಟೇಜಿನ ಒಟ್ಟು ವಿರೂಪಕ್ಕೆ 5 ಶೇಕಡಾ ಮಿತಿ ಹಾಕಿರುವುದು ಇದೇ ಕಾರಣಕ್ಕೆ.

ಈ ಸಂಕಿರಣದ ಕೇಂದ್ರದಲ್ಲಿರುವುದು ಎರಡು ಕಡೆಯಿಂದ ವಿದ್ಯುತ್ ಪೂರೈಕೆ ಪಡೆಯುವ ಇಂಡಕ್ಷನ್ ಜನರೇಟರ್. ಇದರ ಸ್ಟೇಟರ್ ನೇರವಾಗಿ ಜಾಲಕ್ಕೆ ಸೇರಿದ್ದು, ರೋಟರ್ ಮಾತ್ರ ಸ್ಲಿಪ್ ರಿಂಗ್‌ಗಳ ಮೂಲಕ ಕನ್ವರ್ಟರಿಗೆ ಸೇರಿರುವುದರಿಂದ, ಯಂತ್ರದ ಸಾಮರ್ಥ್ಯದ ಸುಮಾರು 30 ಶೇಕಡಾದಷ್ಟು ಚಿಕ್ಕ ಕನ್ವರ್ಟರೇ ಸಾಕಾಗುತ್ತದೆ. ಆದರೆ ಈ ಅಗ್ಗಕ್ಕೆ ಬೆಲೆಯಿದೆ: ಜಾಲದ ವಿರೂಪವೆಲ್ಲ ಯಾವ ತಡೆಯೂ ಇಲ್ಲದೆ ಸ್ಟೇಟರನ್ನು ಹೊಕ್ಕು, ಟಾರ್ಕಿನಲ್ಲಿ 300 ಹರ್ಟ್ಸ್‌ನ ನಡುಕ ಹುಟ್ಟಿಸಿ, ಅದು ಗೇರ್‌ಬಾಕ್ಸನ್ನು ತಲುಪುತ್ತದೆ. ಕನ್ವರ್ಟರಿನ ಕೊಡುಗೆ ಇನ್ನೂ ವಿಚಿತ್ರವಾದುದು. ಯಂತ್ರ 20 ಶೇಕಡಾ ಸ್ಲಿಪ್‌ನಲ್ಲಿ, ಎಂದರೆ ಜಾಲದೊಡನೆ ಹೆಜ್ಜೆ ಹಾಕುವ ವೇಗಕ್ಕಿಂತ ಅಷ್ಟು ಹಿಂದೆ ತಿರುಗುತ್ತಿರುವಾಗ, ರೋಟರ್ ಪ್ರವಾಹದ ಆವರ್ತನ 10 ಹರ್ಟ್ಸ್; ಅದರ ಐದನೆಯ ಮತ್ತು ಏಳನೆಯ ಹಾರ್ಮೋನಿಕ್‌ಗಳು ಸ್ಟೇಟರಿನಲ್ಲಿ 10 ಮತ್ತು 110 ಹರ್ಟ್ಸ್ ಆಗಿ ಕಾಣಿಸಿಕೊಳ್ಳುತ್ತವೆ, ಗಾಳಿ ಬದಲಾದರೆ ಅವೂ ಜಾಗ ಬದಲಿಸುತ್ತವೆ. ಒಂದೇ ಆವರ್ತನಕ್ಕೆ ಹೊಂದಿಸಿಟ್ಟ ಫಿಲ್ಟರ್ ಇವನ್ನು ಹಿಡಿಯಲಾರದು. ಸ್ಲಿಪ್ ಎಷ್ಟೆಂದು ಪ್ರತಿ ಕ್ಷಣವೂ ಬಲ್ಲ ನಿಯಂತ್ರಕ ಹಿಡಿಯಬಲ್ಲದು.

ಎಂಜಿನಿಯರ್ ಪಾರ್ಕ್ 1929ರಲ್ಲಿ ಮಂಡಿಸಿದ ಪರಿವರ್ತನೆಯಂತೆ ಜಾಲದೊಡನೆ ಸುತ್ತುವ ಅಕ್ಷಗಳ ಮೇಲೆ ನಿಂತು ನೋಡಿದರೆ ಮೂಲ ಅಲೆ ಸ್ಥಿರ ಸಂಖ್ಯೆಯಾಗುತ್ತದೆ. ಸಾಮಾನ್ಯ ಪಿಐ (ಪ್ರಪೋರ್ಷನಲ್-ಇಂಟಿಗ್ರಲ್) ನಿಯಂತ್ರಕಕ್ಕೆ ಅಷ್ಟೇ ಸಾಕು, ಆದರೆ ಏರಿಳಿಯುವ ದೋಷವನ್ನು ಅದು ಪೂರ್ತಿ ಅಳಿಸಲಾರದು. ಇಲ್ಲೊಂದು ಅನುಕೂಲವಿದೆ: ಜಾಲದ ಐದನೆಯ ಹಾರ್ಮೋನಿಕ್ ಹಿಮ್ಮುಖವಾಗಿ, ಏಳನೆಯದು ಮುಮ್ಮುಖವಾಗಿ ಸುತ್ತುವುದರಿಂದ, ಆ ಅಕ್ಷಗಳಲ್ಲಿ ಎರಡೂ 300 ಹರ್ಟ್ಸ್ ಆಗಿಯೇ ತೋರುತ್ತವೆ, ಹೀಗಾಗಿ ಆ ಆವರ್ತನದಲ್ಲಿ ಮಾತ್ರ ಅತಿ ಹೆಚ್ಚು ಗೇನ್ ಇರುವ ಒಂದೇ ಅನುರಣನ ನಿಯಂತ್ರಕ ಎರಡನ್ನೂ ಅಡಗಿಸುತ್ತದೆ. ಆದರೆ ಭಾರತದ ಜಾಲದ ಆವರ್ತನ 49.90ರಿಂದ 50.05 ಹರ್ಟ್ಸ್ ಪಟ್ಟಿಯಲ್ಲಿ, ಕೆಲವೊಮ್ಮೆ ಅದರಾಚೆಗೂ, ಅಲೆಯುವುದರಿಂದ ನಿಯಂತ್ರಕವೂ ಅದನ್ನು ಹಿಂಬಾಲಿಸಬೇಕು; ಲೆಕ್ಕಾಚಾರಕ್ಕೆ ತಗಲುವ ವಿಳಂಬವನ್ನೂ ಸರಿದೂಗಿಸಬೇಕು, ಇಲ್ಲವಾದರೆ ಅಡಗಿಸಬೇಕಾದ ನಿಯಂತ್ರಕವೇ ಅಸ್ಥಿರತೆಗೆ ಕಾರಣವಾದೀತು.

ಗಣಿತ ತೀರ್ಮಾನಿಸಲಾರದ ಪ್ರಶ್ನೆಯೊಂದು ಉಳಿಯುತ್ತದೆ. ಜಾಲದ ವೋಲ್ಟೇಜೇ ವಿರೂಪಗೊಂಡಿರುವಾಗ ರೋಟರ್ ಕಡೆಯ ಕನ್ವರ್ಟರ್ ಸ್ಟೇಟರ್ ಪ್ರವಾಹವನ್ನು ಶುದ್ಧಗೊಳಿಸಬಹುದು, ಅಥವಾ ಟಾರ್ಕನ್ನು ನಯಗೊಳಿಸಬಹುದು. ಎರಡನ್ನೂ ಏಕಕಾಲಕ್ಕೆ ಪೂರ್ತಿಯಾಗಿ ಸಾಧಿಸಲಾರದು. ಮೊದಲನೆಯದರ ಫಲ ಜಾಲಕ್ಕೆ, ಎರಡನೆಯದರದು ಗೇರ್‌ಬಾಕ್ಸಿನ ಮಾಲೀಕನಿಗೆ. ಯಾವ ಗುರಿಯನ್ನು ಏಕೆ ಆರಿಸಲಾಯಿತೆಂಬುದನ್ನು ಹೇಳದೆ ವಿರೂಪದ ಶೇಕಡಾವಾರನ್ನಷ್ಟೇ ಮುಂದಿಡುವ ಪ್ರಬಂಧ ಅಪೂರ್ಣವೆಂದೇ ಎಣಿಸಬೇಕು. ಕಂಪ್ಯೂಟರಿನ ಆದರ್ಶ ಜಾಲದಲ್ಲಿ ಬಹುತೇಕ ಎಲ್ಲ ನಿಯಂತ್ರಕಗಳೂ ಗೆಲ್ಲುತ್ತವೆ. ಚಿತ್ರದುರ್ಗ, ಗದಗಗಳಂಥ ಕಡೆ ಗುಡ್ಡದ ಮೇಲಿನ ಯಂತ್ರವೊಂದು ಉದ್ದನೆಯ ಮಾರ್ಗದ ತುದಿಯ ದುರ್ಬಲ ಜಾಲಕ್ಕೆ ಸೇರಿದಾಗ, ಮಾರ್ಗದ ಇಂಡಕ್ಟನ್ಸ್ ಫಿಲ್ಟರಿನ ಕೆಪಾಸಿಟರಿನೊಡನೆ ಸೇರಿ ಅನುರಣನದ ಆವರ್ತನವನ್ನೇ ಸರಿಸಿಬಿಡುತ್ತದೆ. ಆದ್ದರಿಂದ ಇಲ್ಲಿ ಮಂಡನೆಯಾಗುವ ಪ್ರತಿ ವಿನ್ಯಾಸವೂ ಅಂಥ ಜಾಲದಲ್ಲಿ, ಸ್ಲಿಪ್ ಬದಲಾಗುತ್ತಿರುವಾಗಲೇ, ಹೇಗೆ ನಡೆದುಕೊಂಡಿತೆಂಬ ಪ್ರಶ್ನೆಯನ್ನು ಮೊದಲು ಎದುರಿಸುವುದು ಅಪೇಕ್ಷಣೀಯ.