ಹಿಮದ ನಾಡಿನಲ್ಲಿ ಚಳಿಗಾಲದ ಸಿದ್ಧತೆ
(ನಮ್ಮ ವಾಚನಾಲಯದ ವಾರದ ಕೂಟದಲ್ಲಿ ಮಾಡಿದ ಭಾಷಣ)



ದೆಹಲಿಯ ಚಳಿಗೆ ಗೊಣಗದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಇಲ್ಲಿಂದ ಉತ್ತರಕ್ಕೆ, ಹಿಮಾಚಲ ಪ್ರದೇಶದ ಲಾಹುಲ್ ಕಣಿವೆಯಲ್ಲಿ, ವರ್ಷದಲ್ಲಿ ಹಲವು ತಿಂಗಳು ಹಿಮದೊಡನೆಯೇ ಬಾಳುವ ಒಕ್ಕಲಿಗರಿದ್ದಾರೆ. ಅವರ ಸಿದ್ಧತೆಯಲ್ಲಿ ನಮಗೂ ಒಂದು ಪಾಠವಿರುವುದರಿಂದ ಆ ವಿಷಯವನ್ನೇ ಆರಿಸಿಕೊಂಡಿದ್ದೇವೆ.

ಮನಾಲಿಯಿಂದ ಲಾಹುಲಿಗೆ ಹೋಗಲು 13,000 ಅಡಿ ಎತ್ತರದ ರೋಹತಾಂಗ್ ಘಾಟಿಯನ್ನು ಹತ್ತಬೇಕಾಗಿತ್ತು. ಹಿಮ ಬಿದ್ದರೆ ದಾರಿ ತಿಂಗಳುಗಟ್ಟಲೆ ಮುಚ್ಚುತ್ತಿತ್ತು. 2020ರ ಅಕ್ಟೋಬರ್ 3ರಂದು 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಆ ಕಷ್ಟ ಬಹಳ ಕಡಿಮೆಯಾಗಿದೆ. ಆದರೂ ಹಿಮಪಾತ ಜೋರಾದರೆ ರಸ್ತೆ ಕಟ್ಟುವುದುಂಟು. ಆದ್ದರಿಂದ ಬೇಸಗೆ ಮುಗಿಯುವುದರೊಳಗೆ ಹುಲ್ಲು ಕೊಯ್ದು ಒಣಗಿಸಿ ಒಟ್ಟುವುದು, ಸೌದೆ ಬೆರಣಿ ಕೂಡಿಡುವುದು, ಹಿಟ್ಟು ಬೀಸಿಡುವುದು, ತರಕಾರಿ ಒಣಗಿಸುವುದು ಇವೆಲ್ಲ ನಡೆದೇ ಇವೆ. ನಮ್ಮ ಮಲೆನಾಡಿನವರು ಮಳೆಗಾಲಕ್ಕೆ ಅಣಿಯಾಗುವ ರೀತಿಯೇ ಇದು.

ಆದರೆ ಕೂಡಿಡುವುದರಿಂದಲೇ ಕೆಲಸ ಮುಗಿಯದು. ಬರಿದು ಮಾಡಬೇಕಾದುದೂ ಅಷ್ಟೇ ಮುಖ್ಯ. ಅಲ್ಲಿನ ಹಳೆಯ ಮನೆಗಳದು ನಮ್ಮ ವಿಜಾಪುರದ ಕಡೆಯಂತೆ ಮಣ್ಣಿನ ಮಾಳಿಗೆ. ಹತ್ತಡಿ ಚೌಕದ ಮಾಳಿಗೆಯ ಮೇಲೆ ಒಂದಡಿ ಹೊಸ ಹಿಮ ಬಿದ್ದರೆ ಸುಮಾರು ಮೂರು ಕ್ವಿಂಟಲ್ ಭಾರ. ಅದು ಒತ್ತಿ ಗಟ್ಟಿಯಾದರೆ ಅಷ್ಟೇ ದಪ್ಪಕ್ಕೆ ಭಾರ ಇಮ್ಮಡಿ, ಮುಮ್ಮಡಿ. ಆದ್ದರಿಂದ ಮೊದಲೇ ತೊಲೆ ಪರೀಕ್ಷಿಸಿ, ಹಿಮ ತಳ್ಳುವ ಸಲಿಕೆಗಳನ್ನು ಕೈಗೆ ಸಿಗುವಲ್ಲಿ ಇಡಬೇಕು.

ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತು ಪಾಲಿನಷ್ಟು ಹಿಗ್ಗುತ್ತದೆ. ಕಬ್ಬಿಣದ ಕೊಳವೆಯೂ ಸೀಳುತ್ತದೆ. ಬಳಸದ ಕೊಳವೆ, ಪಂಪುಗಳ ನೀರನ್ನು ಪೂರ್ತಿ ಬಸಿಯಬೇಕು. ಟ್ರಾಕ್ಟರಿನ ರೇಡಿಯೇಟರಿಗೆ ಬರಿಯ ನೀರಿನ ಬದಲು ಹೆಪ್ಪುಗಟ್ಟದ ದ್ರವವನ್ನು ತುಂಬಬೇಕು. ಸಾಮಾನ್ಯ ಡೀಸೆಲಿನಲ್ಲಿರುವ ಮೇಣವು ಕಡುಚಳಿಗೆ ಗಟ್ಟಿಯಾಗಿ ಎಂಜಿನ್ ನಿಲ್ಲುತ್ತದೆ. ಇದಕ್ಕಾಗಿಯೇ ಇಂಡಿಯನ್ ಆಯಿಲ್ ಸಂಸ್ಥೆಯು 2019ರಲ್ಲಿ ಲಡಾಖಿಗೆ, ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯುವ ಡೀಸೆಲನ್ನು ಒದಗಿಸಿತು.

ಕೊನೆಯದು ಹೊಗೆ. ಒಲೆಯ ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಚಳಿಗೆ ಮುಂಚೆಯೇ ತೆಗೆಯಬೇಕು, ಗಾಳಿಗೆ ದಾರಿಯಿರಬೇಕು. ಇಲ್ಲೇ ನಮ್ಮ ಪಾಠವಿರುವುದು. ಊರಿಂದ ಬಂದ ಮೊದಲ ಚಳಿಗಾಲದಲ್ಲಿ ನಾವು ಮೂವರು ಒಂದೇ ಕೋಣೆಯಲ್ಲಿದ್ದೆವು. ಇದ್ದಿಲಿನ ಅಂಗೀಠಿಯನ್ನು ಒಳಗಿಟ್ಟು, ಕಿಟಕಿಯ ಸಂದಿಗೆ ಕಾಗದ ತುರುಕಿ ಮಲಗಿದೆವು. ನಡುರಾತ್ರಿ ಒಬ್ಬರಿಗೆ ವಾಂತಿಯಾಗಿ, ತೂರಾಡುತ್ತ ಹೋಗಿ ಕದ ತೆರೆದದ್ದರಿಂದ ಮೂವರೂ ಬದುಕಿದೆವು. ಇದ್ದಿಲಿನಿಂದೇಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೋಣೆಯಲ್ಲಿ ನೀರಿನ ಬಕೀಟು ಇಟ್ಟರೆ ಸಾಕೆಂಬುದು ತಪ್ಪು. ಆ ಅನಿಲವನ್ನು ನೀರು ಹೀರದು.

ಬಂಧುಗಳೇ, ಕಂಬಳಿ ಸಾಲದಿದ್ದರೆ ಸಂಗಾತಿಗಳಲ್ಲಿ ಕೇಳಿ, ಸಂಕೋಚ ಬೇಡ. ಅಂಗೀಠಿಯನ್ನು ಮಾತ್ರ ಒಳಗಿಟ್ಟು ಮಲಗಬೇಡಿ. ಊರಿನಲ್ಲಿ ನಮ್ಮ ಕಾಗದಕ್ಕಾಗಿ ಕಾಯುವವರಿದ್ದಾರೆ.