ಋತುವಿನ ನಡುವೆ ಬಂದ ಗಸೋಲ್

ಐಪಿಎಲ್ ನೋಡುವವರಿಗೆ ಆಟಗಾರರ ಅದಲುಬದಲು ಹೊಸ ವಿಷಯವೇನಲ್ಲ. 2023ರ ನವೆಂಬರ್‌ನಲ್ಲಿ ಕ್ಯಾಮರೂನ್ ಗ್ರೀನ್ ಮುಂಬೈ ತಂಡ ಬಿಟ್ಟು ಬೆಂಗಳೂರು ತಂಡಕ್ಕೆ ಬಂದದ್ದು ಇಲ್ಲಿನ ಅಭಿಮಾನಿಗಳಿಗೆ ನೆನಪಿರಬಹುದು. ಆದರೆ ಅದು ನಡೆದದ್ದು ಎರಡು ಟೂರ್ನಿಗಳ ನಡುವಿನ ಬಿಡುವಿನಲ್ಲಿ. ಹೊಸ ತಂಡಕ್ಕೆ ಹೊಂದಿಕೊಳ್ಳಲು ಅವರ ಮುಂದೆ ತಿಂಗಳುಗಳೇ ಇದ್ದವು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಅಷ್ಟು ಕಾಯುವುದಿಲ್ಲ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಪ್ರತಿ ತಂಡ 82 ಪಂದ್ಯ ಆಡುತ್ತದೆ. ಅವುಗಳಲ್ಲಿ ಐವತ್ತು ಮುಗಿದ ಮೇಲೂ, ಫೆಬ್ರವರಿಯ ಗಡುವಿನವರೆಗೆ, ಆಟಗಾರರನ್ನು ಬದಲಾಯಿಸಿಕೊಳ್ಳಬಹುದು. ಮಂಗಳವಾರ ಒಂದು ಊರಿನ ಜರ್ಸಿ ತೊಟ್ಟವರು ಶನಿವಾರ ಇನ್ನೊಂದು ಊರಿಗಾಗಿ ಆಡುತ್ತಿರುತ್ತಾರೆ.

ಇಂಥ ಬದಲಾವಣೆ ಒಂದು ತಂಡವನ್ನು ಹೇಗೆ ಮಾರ್ಪಡಿಸುತ್ತದೆ ಎಂದು ತಿಳಿಯಲು ಟೊರಾಂಟೊ ರ‍್ಯಾಪ್ಟರ್ಸ್ ತಂಡದ 2018-19ರ ಋತುವಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆಟದ ಲೆಕ್ಕ ಮೊದಲು. ಅಂಕಣದಲ್ಲಿ ಒಂದು ತಂಡದ ಐವರು ಇರುತ್ತಾರೆ, ಪಂದ್ಯ 48 ನಿಮಿಷ. ತಂಡದ ಪಟ್ಟಿಯಲ್ಲಿ ಹದಿನೈದು ಜನರಿಗೆ ಪೂರ್ಣ ಒಪ್ಪಂದ ಇರಬಹುದು. ಫುಟ್‌ಬಾಲ್‌ಗಿಂತ ಭಿನ್ನವಾಗಿ ಇಲ್ಲಿ ಬದಲಿ ಆಟಗಾರರ ಸಂಖ್ಯೆಗೆ ಮಿತಿಯಿಲ್ಲ; ಹೊರಹೋದವರು ಮತ್ತೆ ಒಳಬರಬಹುದು. ಹಾಗಾಗಿ ಕೋಚ್ ಒಂದೇ ಪಂದ್ಯದಲ್ಲಿ ಹತ್ತಾರು ಬಗೆಯ ಐವರ ಜೋಡಣೆಗಳನ್ನು ಇಳಿಸುತ್ತಾರೆ. ಒಬ್ಬ ಆಟಗಾರ ಬದಲಾದರೆ ಆ ಜೋಡಣೆಗಳೆಲ್ಲ ಬದಲಾಗುತ್ತವೆ. ಋತುವಿನ ನಡುವಿನ ವಿನಿಮಯದ ಬೆಲೆ ಅಡಗಿರುವುದು ಇಲ್ಲೇ. ಬಂದವರು ಸರಾಸರಿ ಎಷ್ಟು ಅಂಕ ಗಳಿಸುತ್ತಾರೆ ಎಂಬುದಕ್ಕಿಂತ, ಉಳಿದ ನಾಲ್ವರಿಗೆ ಅವರಿಂದ ಏನು ಸಾಧ್ಯವಾಗುತ್ತದೆ ಎಂಬುದನ್ನು ನೋಡಬೇಕು.

ಟೊರಾಂಟೊ 2018ರ ಬೇಸಿಗೆಯಲ್ಲೇ ದೊಡ್ಡ ಪಣ ಕಟ್ಟಿತ್ತು. ತಂಡದ ಅಧ್ಯಕ್ಷ ಮಸಾಯಿ ಉಜಿರಿ, ಊರಿನ ಅಚ್ಚುಮೆಚ್ಚಿನ ಡಿಮಾರ್ ಡಿರೋಜನ್ ಅವರನ್ನು ಸ್ಯಾನ್ ಆಂಟೋನಿಯೊಗೆ ಕಳಿಸಿ ಕವಾಯ್ ಲೆನರ್ಡ್ ಮತ್ತು ಡ್ಯಾನಿ ಗ್ರೀನ್ ಅವರನ್ನು ಕರೆತಂದರು. ಆ ವರ್ಷ ಲೀಗಿನ ಅತ್ಯುತ್ತಮ ಕೋಚ್ ಎನಿಸಿಕೊಂಡಿದ್ದ ಡ್ವೇನ್ ಕೇಸಿ ಅವರನ್ನೇ ತೆಗೆದು, ಸಹಾಯಕರಾಗಿದ್ದ ನಿಕ್ ನರ್ಸ್ ಅವರಿಗೆ ಹೊಣೆ ವಹಿಸಿದ್ದರು. ಲೆನರ್ಡ್ ಒಪ್ಪಂದ ಒಂದೇ ವರ್ಷದಲ್ಲಿ ಮುಗಿಯಬಹುದಿತ್ತು. ಗೆದ್ದರೆ ಆ ವರ್ಷವೇ ಗೆಲ್ಲಬೇಕು ಎಂಬ ಸ್ಥಿತಿ.

ತಂಡ ಚೆನ್ನಾಗಿಯೇ ಆಡುತ್ತಿತ್ತು. ಆದರೆ ಡಿಸೆಂಬರ್‌ನಲ್ಲಿ ಲಿಥುವೇನಿಯಾದ ಎತ್ತರದ ಸೆಂಟರ್ ಯೋನಾಸ್ ವಲನ್ಚೂನಸ್ ಅವರ ಎಡಗೈ ಹೆಬ್ಬೆರಳಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಬೇಕಾಯಿತು. ಅವರು ಬುಟ್ಟಿಯ ಕೆಳಗೆ ಬೆನ್ನು ಕೊಟ್ಟು ನಿಂತು, ದೇಹಬಲದಿಂದ ಅಂಕ ಗಳಿಸುವವರು, ರೀಬೌಂಡ್‌ನಲ್ಲಿ ಗಟ್ಟಿಗರು. ಆದರೆ ಎದುರಾಳಿಯ ಚುರುಕು ಗಾರ್ಡ್‌ಗಳು ದೂರದಿಂದ ಎಸೆಯತೊಡಗಿದರೆ ಅವರು ಅಲ್ಲಿಗೆ ತಲುಪುವುದು ಕಷ್ಟವಿತ್ತು. ಪೂರ್ವ ವಿಭಾಗದಲ್ಲೋ ಫಿಲಡೆಲ್ಫಿಯಾದ ಜೋಯೆಲ್ ಎಂಬೀಡ್ ಎಂಬ ದೈತ್ಯ ಸೆಂಟರ್, ಮಿಲ್ವಾಕಿಯ ಯಾನಿಸ್ ಅಂಟೆಟೊಕುಂಪೊ ಎಂಬ ತಡೆಯಲಾಗದ ಫಾರ್ವರ್ಡ್ ಕಾದಿದ್ದರು.

2019ರ ಗಡುವು ಫೆಬ್ರವರಿ 7ರ ಮಧ್ಯಾಹ್ನ 3 ಗಂಟೆ. ಅಂದು ಟೊರಾಂಟೊ, ಮೆಂಫಿಸ್ ತಂಡದಿಂದ ಮಾರ್ಕ್ ಗಸೋಲ್ ಅವರನ್ನು ಪಡೆಯಿತು. ಬಾರ್ಸಿಲೋನಾದಲ್ಲಿ ಹುಟ್ಟಿ, 2008ರಿಂದ ಮೆಂಫಿಸ್‌ಗೇ ಆಡಿದ್ದ, 2013ರಲ್ಲಿ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ ಗೆದ್ದಿದ್ದ ಸೆಂಟರ್ ಅವರು. ವಯಸ್ಸು ಆಗಷ್ಟೇ 34 ತುಂಬಿತ್ತು.

ಇಲ್ಲಿ ಸಂಬಳದ ನಿಯಮವೂ ತಿಳಿದಿರಬೇಕು. ಎನ್‌ಬಿಎಯಲ್ಲಿ ಮನಬಂದಂತೆ ಆಟಗಾರರನ್ನು ತರಲಾಗದು. ಆಗಿನ ನಿಯಮದ ಪ್ರಕಾರ, ಸಂಬಳದ ಮಿತಿ ಬಹಳ ಮೀರಿದ್ದ ಟೊರಾಂಟೊದಂಥ ತಂಡ, ಕಳಿಸುವವರ ಒಟ್ಟು ಸಂಬಳದ ಶೇ 125ಕ್ಕೆ ಒಂದು ಲಕ್ಷ ಡಾಲರ್ ಸೇರಿಸಿದರೆ ಬರುವಷ್ಟನ್ನು ಮಾತ್ರ ತರಬಹುದಿತ್ತು. ಗಸೋಲ್ ಸಂಬಳ ಸುಮಾರು 2.41 ಕೋಟಿ ಡಾಲರ್. ವಲನ್ಚೂನಸ್ ಅವರದು ಸುಮಾರು 1.65 ಕೋಟಿ, ಅವರೊಬ್ಬರನ್ನೇ ಕೊಟ್ಟರೆ ಲೆಕ್ಕ ಕೂಡುತ್ತಿರಲಿಲ್ಲ. ಸುಮಾರು 83 ಲಕ್ಷ ಡಾಲರ್ ಪಡೆಯುತ್ತಿದ್ದ ಸಿ. ಜೆ. ಮೈಲ್ಸ್ ಅವರನ್ನು ಸೇರಿಸಿದಾಗ ಕೂಡಿತು. ಅದರ ಮೇಲೆ ಗಾರ್ಡ್ ಡೆಲಾನ್ ರೈಟ್ ಮತ್ತು 2024ರ ಎರಡನೇ ಸುತ್ತಿನ ಒಂದು ಡ್ರಾಫ್ಟ್ ಆಯ್ಕೆ, ಅಂದರೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ. ಒಬ್ಬರಿಗಾಗಿ ಮೂವರು ಹೋದರು.

ಅದೇ ದಿನ ಇನ್ನಿಬ್ಬರನ್ನೂ ಬೇರೆ ತಂಡಗಳಿಗೆ ಕಳಿಸಿದ್ದರಿಂದ ಪಟ್ಟಿ ತೆಳುವಾಯಿತು. ಸಂಖ್ಯೆ ಹದಿನಾಲ್ಕಕ್ಕಿಂತ ಕಡಿಮೆಯಾದರೆ ಎರಡು ವಾರದಲ್ಲಿ ತುಂಬಬೇಕು ಎಂಬುದು ನಿಯಮ. ಟೊರಾಂಟೊ ತನ್ನ ಕಿರಿಯರ ತಂಡ ರ‍್ಯಾಪ್ಟರ್ಸ್ 905ರಲ್ಲಿ ಮಿಂಚುತ್ತಿದ್ದ ಕ್ರಿಸ್ ಬೂಶೇಗೆ ಪೂರ್ಣ ಒಪ್ಪಂದ ಕೊಟ್ಟಿತು. ಅಟ್ಲಾಂಟಾ ತಂಡ ಒಪ್ಪಂದ ಮುಗಿಸಿ ಬಿಟ್ಟುಕೊಟ್ಟ ಜೆರೆಮಿ ಲಿನ್ ಫೆಬ್ರವರಿ 13ರಂದು ಸೇರಿದರು. ಹೆಸರು ಕೇಳಿದರೆ ಲಿನ್ ಬಂದದ್ದೇ ದೊಡ್ಡ ಸುದ್ದಿ, ಆದರೆ ಪ್ಲೇಆಫ್‌ನಲ್ಲಿ ಅವರಿಗೆ ಹೆಚ್ಚು ನಿಮಿಷ ಸಿಗಲಿಲ್ಲ. ತಂಡದ ಆಟ ಬದಲಿಸಿದ್ದು ಗಸೋಲ್.

ಅವರು ಫೆಬ್ರವರಿ 9ರಂದು ನ್ಯೂಯಾರ್ಕ್‌ನಲ್ಲಿ ಮೊದಲ ಬಾರಿಗೆ ಟೊರಾಂಟೊ ಪರ ಇಳಿದರು, ಅದೂ ಬೆಂಚಿನಿಂದ. ಸೆಂಟರ್ ಜಾಗದಲ್ಲಿ ಸರ್ಜ್ ಇಬಾಕಾ ಚೆನ್ನಾಗಿ ಆಡುತ್ತಿದ್ದರು. ನರ್ಸ್ ಕೆಲವು ವಾರ ಎದುರಾಳಿಯನ್ನು ನೋಡಿ ಒಮ್ಮೆ ಇಬಾಕಾ, ಒಮ್ಮೆ ಗಸೋಲ್ ಎಂದು ಆರಂಭಿಸಿದರು. ಕೊನೆಗೆ ಗಸೋಲ್ ಆರಂಭದ ಐವರಲ್ಲಿ ನೆಲೆನಿಂತರು. ಇಬಾಕಾ ಬೆಂಚಿನಿಂದ ಬಂದು ಬಲ ತುಂಬುವ ಪಾತ್ರವನ್ನು ಒಪ್ಪಿಕೊಂಡರು. ಈ ಒಪ್ಪಿಗೆ ಸಣ್ಣದಲ್ಲ. ಇಬಾಕಾ ಮನಸ್ಸು ಮುರಿದುಕೊಂಡಿದ್ದರೆ ವಿನಿಮಯದ ಅರ್ಧ ಫಲ ಅಲ್ಲೇ ಹೋಗುತ್ತಿತ್ತು.

ಗಸೋಲ್ ಟೊರಾಂಟೊದಲ್ಲಿ ಆಡಿದ 26 ಲೀಗ್ ಪಂದ್ಯಗಳಲ್ಲಿ ಸರಾಸರಿ ಸುಮಾರು 9 ಅಂಕ ಗಳಿಸಿದರು. ಅತ್ತ ವಲನ್ಚೂನಸ್ ಮೆಂಫಿಸ್‌ನಲ್ಲಿ 19 ಪಂದ್ಯ ಆಡಿ ಸರಾಸರಿ 20ರ ಹತ್ತಿರ ಅಂಕ, ಹತ್ತಕ್ಕೂ ಹೆಚ್ಚು ರೀಬೌಂಡ್ ಪಡೆದರು. ಅಂಕಿಗಳನ್ನಷ್ಟೇ ಓದಿದವರಿಗೆ ಟೊರಾಂಟೊ ಮೋಸಹೋಯಿತು ಎನಿಸಬೇಕು. ಆದರೆ ಅಂಕಣದಲ್ಲಿ ಕಂಡದ್ದು ಬೇರೆ. ಗಸೋಲ್ ಮೂರು ಅಂಕದ ಗೆರೆಯ ಬಳಿ ಚೆಂಡು ಹಿಡಿದು ನಿಲ್ಲುತ್ತಿದ್ದರು. ಅಲ್ಲಿಂದ ಎಸೆಯಬಲ್ಲವರಾದ್ದರಿಂದ ಎದುರಾಳಿ ಸೆಂಟರ್ ಬುಟ್ಟಿಯ ಕಾವಲು ಬಿಟ್ಟು ಹೊರಬರಲೇಬೇಕು. ಹಾಗೆ ತೆರವಾದ ಜಾಗಕ್ಕೆ ಲೆನರ್ಡ್, ಪಾಸ್ಕಲ್ ಸಿಯಾಕಮ್ ನುಗ್ಗುತ್ತಿದ್ದರು. ಗಸೋಲ್ ಪಾಸ್ ಅವರನ್ನು ಸಮಯಕ್ಕೆ ಸರಿಯಾಗಿ ಮುಟ್ಟುತ್ತಿತ್ತು.

ರಕ್ಷಣೆಯಲ್ಲಿ ಅವರ ಬೆಲೆ ಇನ್ನೂ ಸ್ಪಷ್ಟವಾಗಿ ಕಂಡಿತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಒರ್ಲ್ಯಾಂಡೊದ ನಿಕೊಲಾ ವುಚೆವಿಚ್ ಎದುರಾದರು. ಲೀಗ್ ಹಂತದಲ್ಲಿ ಸರಾಸರಿ 20 ಅಂಕ ಮೀರಿದ್ದ ಅವರು ಗಸೋಲ್ ಎದುರು ಸುಮಾರು 11ಕ್ಕೆ ಇಳಿದರು. ಮುಂದಿನ ಸುತ್ತಿನಲ್ಲಿ ಎಂಬೀಡ್. 27 ಅಂಕ ಮೀರಿದ್ದ ಅವರ ಸರಾಸರಿ ಆ ಸರಣಿಯಲ್ಲಿ 18ರ ಒಳಗೆ ಉಳಿಯಿತು. ಎಂಬೀಡ್ ಒಳಗಿದ್ದಾಗ ಗಸೋಲ್ ಒಳಗೆ, ಎಂಬೀಡ್ ಕೂತಾಗ ಗಸೋಲ್ ವಿಶ್ರಾಂತಿಗೆ ಎಂಬಂತೆ ನರ್ಸ್ ನಿಮಿಷಗಳನ್ನು ಹೊಂದಿಸಿದರು.

ಆದರೂ ಫಿಲಡೆಲ್ಫಿಯಾದ ಎತ್ತರ ಕಾಡಿತು. ಆಗ ನಾಲ್ಕನೇ ಪಂದ್ಯದಿಂದ ನರ್ಸ್, ಲೀಗ್ ಹಂತದಲ್ಲಿ ಅಪರೂಪಕ್ಕಷ್ಟೇ ಮಾಡಿದ್ದ ಜೋಡಣೆಯೊಂದನ್ನು ಹೊರತೆಗೆದರು: ಗಸೋಲ್ ಮತ್ತು ಇಬಾಕಾ ಇಬ್ಬರೂ ಒಟ್ಟಿಗೆ. ಗಸೋಲ್ ದೂರದಿಂದ ಆಡಬಲ್ಲವರಾದ್ದರಿಂದಲೇ ಇಬ್ಬರು ಎತ್ತರದವರು ಒಬ್ಬರ ದಾರಿಗೊಬ್ಬರು ಅಡ್ಡ ಬರಲಿಲ್ಲ. ಮೇ 12ರ ಏಳನೇ ಪಂದ್ಯದಲ್ಲಿ ಇಬಾಕಾ ಬೆಂಚಿನಿಂದ ಬಂದು 17 ಅಂಕ ಗಳಿಸಿದರು. ಲೆನರ್ಡ್ ಎಸೆದ ಕೊನೆಯ ಚೆಂಡು ರಿಂಗ್ ಮೇಲೆ ನಾಲ್ಕು ಬಾರಿ ಪುಟಿದು ಒಳಬಿದ್ದು, ಟೊರಾಂಟೊ 92-90ರಿಂದ ಗೆದ್ದಿತು.

ಮುಂದಿನ ಸುತ್ತಿನಲ್ಲಿ ಮಿಲ್ವಾಕಿ ವಿರುದ್ಧ ಮೊದಲ ಎರಡು ಪಂದ್ಯ ಸೋತ ಮೇಲೆ ನರ್ಸ್, ಯಾನಿಸ್ ಅವರನ್ನು ಕಾಯುವ ಕೆಲಸವನ್ನು ಲೆನರ್ಡ್‌ಗೆ ಕೊಟ್ಟರು. ಆ ಎರಡು ಪಂದ್ಯಗಳಲ್ಲಿ ಗುರಿ ತಪ್ಪಿದ್ದ ಗಸೋಲ್ ಮೂರನೆಯದರಲ್ಲಿ 16 ಅಂಕ, 12 ರೀಬೌಂಡ್, 7 ಅಸಿಸ್ಟ್ ದಾಖಲಿಸಿದರು. ಮುಂದಿನ ನಾಲ್ಕೂ ಪಂದ್ಯ ಟೊರಾಂಟೊ ಪಾಲಾದವು.

ಋತುವಿನ ನಡುವಿನ ಎಲ್ಲ ಬದಲಾವಣೆಗಳೂ ಹೀಗೆ ಫಲಿಸುವುದಿಲ್ಲ, ಫಲಿಸಿದರೂ ಬೇಗ ಕಾಣುವುದಿಲ್ಲ. 1995ರ ಫೆಬ್ರವರಿ 14ರಂದು ಹ್ಯೂಸ್ಟನ್ ತಂಡ ಓಟಿಸ್ ಥಾರ್ಪ್ ಅವರನ್ನು ಕೊಟ್ಟು ಕ್ಲೈಡ್ ಡ್ರೆಕ್ಸ್‌ಲರ್ ಅವರನ್ನು ತಂದಿತು. ಆಮೇಲಿನ 35 ಪಂದ್ಯಗಳಲ್ಲಿ ಅದು ಗೆದ್ದದ್ದು 17 ಮಾತ್ರ. ಆದರೆ ಥಾರ್ಪ್ ಜಾಗಕ್ಕೆ ಬಂದ ತೆಳು ಮೈಕಟ್ಟಿನ ರಾಬರ್ಟ್ ಹಾರಿ ದೂರದಿಂದ ಎಸೆಯುತ್ತ ಎದುರಾಳಿಗಳನ್ನು ಹೊರಗೆಳೆದರು. ವಿಭಾಗದಲ್ಲಿ ಆರನೇ ಸ್ಥಾನದಲ್ಲಿದ್ದ ತಂಡ ಚಾಂಪಿಯನ್ ಆಯಿತು. ಅದೇ ಹ್ಯೂಸ್ಟನ್ 2020ರ ಫೆಬ್ರವರಿಯಲ್ಲಿ ಸೆಂಟರ್ ಕ್ಲಿಂಟ್ ಕಪೇಲಾ ಅವರನ್ನು ಬಿಟ್ಟುಕೊಟ್ಟು ರಾಬರ್ಟ್ ಕವಿಂಗ್ಟನ್ ಅವರನ್ನು ತಂದು, ಆರಡಿ ಐದಂಗುಲದ ಪಿ. ಜೆ. ಟಕರ್ ಅವರನ್ನು ಸೆಂಟರ್ ಮಾಡಿತು. ಪ್ಲೇಆಫ್‌ನಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಾನೂ ಭಾರೀ ಸೆಂಟರ್‌ಗಳನ್ನು ಬೆಂಚಿಗೆ ಕಳಿಸಿ ಆಂಟನಿ ಡೇವಿಸ್ ಅವರನ್ನು ಆ ಜಾಗದಲ್ಲಿ ನಿಲ್ಲಿಸಿದಾಗ ಹ್ಯೂಸ್ಟನ್ ಬಳಿ ಬೇರೆ ದಾರಿ ಇರಲಿಲ್ಲ; 4-1ರಿಂದ ಸೋತಿತು. ಟೊರಾಂಟೊದ ನಡೆ ಇದಕ್ಕೆ ತದ್ವಿರುದ್ಧ. ಅದು ಕೋಚ್ ಕೈಗೆ ಇನ್ನಷ್ಟು ಬಗೆಯ ಜೋಡಣೆಗಳನ್ನು ಕೊಟ್ಟಿತ್ತು.

ಈ ವ್ಯವಹಾರದಲ್ಲಿ ಆಟಗಾರರ ಪಾಡನ್ನು ಮರೆಯಬಾರದು. ವಿನಿಮಯವನ್ನು ತಡೆಯುವ ಹಕ್ಕು ಇರುವುದು ಬೆರಳೆಣಿಕೆಯ ಆಟಗಾರರಿಗೆ ಮಾತ್ರ. ಮನೆ, ಮಕ್ಕಳ ಶಾಲೆ, ಹತ್ತು ವರ್ಷದ ನಂಟು ಯಾವುದೂ ಗಡುವನ್ನು ಮುಂದೂಡುವುದಿಲ್ಲ. ಗಸೋಲ್ ಹೈಸ್ಕೂಲ್ ಓದಿದ್ದೂ ಮೆಂಫಿಸ್‌ನಲ್ಲೇ. ಆ ಊರು ಅವರನ್ನು ಮರೆಯಲಿಲ್ಲ: 2024ರ ಏಪ್ರಿಲ್‌ನಲ್ಲಿ ಅವರ 33ನೇ ಸಂಖ್ಯೆಯನ್ನು ಮುಂದೆ ಯಾರಿಗೂ ಕೊಡದಂತೆ ಗೌರವದಿಂದ ನಿವೃತ್ತಿಗೊಳಿಸಿತು.

ಇನ್ನು ಟೊರಾಂಟೊ ಆಡಿದ 2019ರ ಫೈನಲ್. ಎದುರಾಳಿ ಗೋಲ್ಡನ್ ಸ್ಟೇಟ್ ವಾರಿಯರ್ಸ್. ಮೊದಲ ಪಂದ್ಯದಲ್ಲಿ ಗಸೋಲ್ 20 ಅಂಕ ಹೊಡೆದರು. ಎರಡನೆಯದರಲ್ಲಿ ನರ್ಸ್ ನಾಲ್ವರನ್ನು ಚೌಕಾಕಾರದಲ್ಲಿ ನಿಲ್ಲಿಸಿ, ಸ್ಟೀಫನ್ ಕರಿ ಬೆನ್ನಿಗೆ ಫ್ರೆಡ್ ವ್ಯಾನ್‌ವ್ಲೀಟ್ ಅವರನ್ನು ಬಿಟ್ಟರು. ಶಾಲಾ ಪಂದ್ಯಗಳಲ್ಲಿ ಕಾಣುವ ಈ ತಂತ್ರ ಎನ್‌ಬಿಎ ಫೈನಲ್‌ನಲ್ಲಿ ಬಹಳ ಅಪರೂಪ. ಗೋಲ್ಡನ್ ಸ್ಟೇಟ್‌ಗೆ ಗಾಯಗಳ ಏಟೂ ಬಿತ್ತು: ಐದನೇ ಪಂದ್ಯದಲ್ಲಿ ಕೆವಿನ್ ಡ್ಯುರಾಂಟ್, ಆರನೆಯದರಲ್ಲಿ ಕ್ಲೇ ಥಾಂಪ್ಸನ್ ಕಳಚಿಕೊಂಡರು. ಜೂನ್ 13ರಂದು ಓಕ್‌ಲ್ಯಾಂಡ್‌ನಲ್ಲಿ ಟೊರಾಂಟೊ 114-110ರಿಂದ ಗೆದ್ದು, ಅಮೆರಿಕದ ಹೊರಗಿನ ಮೊದಲ ಎನ್‌ಬಿಎ ಚಾಂಪಿಯನ್ ಆಯಿತು. ಆ 114 ಅಂಕಗಳು ಆರೇ ಜನರವು: ಕೈಲ್ ಲೌರಿ 26, ಸಿಯಾಕಮ್ 26, ಲೆನರ್ಡ್ 22, ಬೆಂಚಿನಿಂದ ಬಂದ ವ್ಯಾನ್‌ವ್ಲೀಟ್ 22, ಅಲ್ಲಿಂದಲೇ ಬಂದ ಇಬಾಕಾ 15. ಉಳಿದ 3 ಅಂಕ, ಜೊತೆಗೆ 9 ರೀಬೌಂಡ್, ಆ ಫೆಬ್ರವರಿಯಲ್ಲಿ ಮೂವರನ್ನು ಕೊಟ್ಟು ತಂದ ಗಸೋಲ್ ಅವರದು.